ಪ್ಲಾನ್ ಏರಿಸುವ ಮುಂಚೆ ಡಬ್ಬಿಯ ಬೆನ್ನು ನೋಡಿ

ಮಾನ್ಯ ಸಂಪಾದಕರೇ,

ಸಂಜೆ ಏಳಾಯಿತೆಂದರೆ ಮೈಸೂರಿನ ಮನೆ ಮನೆಯಲ್ಲೂ ‘ನೆಟ್ ಸುತ್ತುತ್ತಿದೆ’ ಎಂಬ ಗೊಣಗಾಟ ಶುರು. ನೆಟ್‌ನವರಿಗೆ ಫೋನ್ ಮಾಡಿದರೆ ‘ಪ್ಲಾನ್ ಅಪ್‌ಗ್ರೇಡ್ ಮಾಡಿಸಿ ಸರ್’ ಅನ್ನುತ್ತಾರೆ. ಅಂಗಡಿಗೆ ಹೋದರೆ ಆರು ಕೊಂಬಿನ (ಆಂಟೆನಾ) ರೂಟರ್ ತಂದು ಮುಂದಿಡುತ್ತಾರೆ. ಮುಕ್ಕಾಲು ಪಾಲು ಮನೆಗಳಿಗೆ ಇವೆರಡೂ ಮದ್ದಲ್ಲ. ರೋಗ ಇರುವುದು ಮನೆಯ ರೂಟರ್ ಡಬ್ಬಿಯ ಹಿಂಬದಿಯ ತೂತುಗಳಲ್ಲಿ (ಪೋರ್ಟ್), ನಡುವಿನ ತಂತಿಯಲ್ಲಿ ಮತ್ತು ಅದನ್ನು ಇಟ್ಟ ಮೂಲೆಯಲ್ಲಿ.

ಮೊದಲು ಲೆಕ್ಕ ಹಾಕೋಣ. ಇಬ್ಬರು ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತಾರೆ, ಒಂದು ಮಗು ಆನ್‌ಲೈನ್ ಟ್ಯೂಷನ್‌ಗೆ ಕೂತಿದೆ: ಒಬ್ಬೊಬ್ಬರ ವಿಡಿಯೊ ಕಾಲ್‌ಗೆ 4 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್, ನೆಟ್ ವೇಗದ ಅಳತೆ) ಎಂದರೂ 12. ಹಾಲ್‌ನ 4ಕೆ ಟಿವಿಗೆ ನೆಟ್‌ಫ್ಲಿಕ್ಸ್ ಕೇಳುವುದು 15. ರೂಮಿನ ಇನ್ನೊಂದು ಟಿವಿಗೆ 5. ನಾಲ್ಕು ಕ್ಯಾಮೆರಾಗಳು ಕ್ಲೌಡ್‌ಗೆ ಚಿತ್ರ ಕಳಿಸುತ್ತಿದ್ದರೆ ತಲಾ 2ರಂತೆ 8, ಅದೂ ಅಪ್‌ಲೋಡ್ ಕಡೆಗೆ. ಎಲ್ಲ ಕೂಡಿದರೆ 40. ನೂರು ಎಂಬಿಪಿಎಸ್ ಪ್ಲಾನ್‌ನಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿಯಿತು. ಅಂದಮೇಲೆ ಮುನ್ನೂರಕ್ಕೆ ಏರಿಸಿ ಯಾರಿಗೆ ಲಾಭ?

ದೋಷ ಎಲ್ಲಿದೆ ಎಂದು ತಿಳಿಯಲು ಹತ್ತು ನಿಮಿಷ ಸಾಕು. ಲ್ಯಾಪ್‌ಟಾಪನ್ನು ತಂತಿ ಹಾಕಿ ನೇರ ಡಬ್ಬಿಗೆ ಜೋಡಿಸಿ ಸ್ಪೀಡ್ ಟೆಸ್ಟ್ ಮಾಡಿ. ಆಮೇಲೆ ಡಬ್ಬಿಯಿಂದ ಹತ್ತು ಅಡಿ ದೂರದಲ್ಲಿ ವೈಫೈ ಮೇಲೆ, ಕೊನೆಗೆ ಹಿಂದಿನ ರೂಮಿನಲ್ಲಿ. ತಂತಿಯಲ್ಲೇ ಕಡಿಮೆ ಬಂದರೆ ನೆಟ್‌ನವರನ್ನು ಕೇಳಿ. ತಂತಿಯಲ್ಲಿ ಸರಿಯಿದ್ದು ಹತ್ತಡಿಯಲ್ಲಿ ಕುಸಿದರೆ ಡಬ್ಬಿಯ ವೈಫೈ ಹಳೆಯದು, ಇಲ್ಲವೇ ವೈಫೈನ ಎರಡು ತರಂಗಪಟ್ಟಿಗಳಲ್ಲಿ (2.4 ಮತ್ತು 5 ಗಿಗಾಹರ್ಟ್ಸ್) ನಿಧಾನದ 2.4ಕ್ಕೆ ಫೋನ್ ಅಂಟಿಕೊಂಡಿದೆ. ಹಿಂದಿನ ರೂಮಿನಲ್ಲಿ ಮಾತ್ರ ಕುಸಿದರೆ ಅದು ಗೋಡೆಯ ಕೆಲಸ, ಹೊಸ ಡಬ್ಬಿ ತಂದು ಅದೇ ಜಾಗದಲ್ಲಿಟ್ಟರೆ ಅಷ್ಟೇನೂ ಬದಲಾಗದು.

ತಂತಿಯ ಪರೀಕ್ಷೆಯಲ್ಲಿ ಒಂದು ಅಂಕಿಯನ್ನು ವಿಶೇಷವಾಗಿ ಗಮನಿಸಿ. ಇನ್ನೂರು ಮುನ್ನೂರರ ಪ್ಲಾನ್ ಇದ್ದೂ ವೇಗ 93-94ಕ್ಕೆ ಗೂಟ ಹೊಡೆದಂತೆ ನಿಂತರೆ ಎಲ್ಲೋ ಒಂದು ಕೊಂಡಿ ನೂರು ಎಂಬಿಪಿಎಸ್‌ನದು. ಅಗ್ಗದ ಎಸಿ1200 ರೂಟರ್‌ಗಳಲ್ಲಿ ಇದು ಮಾಮೂಲು. ರಟ್ಟಿನ ಡಬ್ಬದ ಮೇಲೆ 1200 ಎಂದು ದಪ್ಪಕ್ಷರದಲ್ಲಿರುತ್ತದೆ, ಹಿಂಬದಿಯ ಪೋರ್ಟ್‌ಗಳು ಮಾತ್ರ 10/100, ಅಂದರೆ ನೂರೇ ಮಿತಿ. ಎರಡಂಗುಲದ ಪೈಪಿನಲ್ಲಿ ಬಂದ ನೀರನ್ನು ಅರ್ಧ ಅಂಗುಲದ ನಲ್ಲಿಗೆ ಕಟ್ಟಿದ ಹಾಗೆ. ಕೊಳ್ಳುವಾಗ ‘ವ್ಯಾನ್ ಪೋರ್ಟ್ ಗಿಗಾಬಿಟ್ಟಾ, ಲ್ಯಾನ್ ಪೋರ್ಟ್‌ಗಳೂ ಗಿಗಾಬಿಟ್ಟಾ’ ಎಂದು ಎರಡನ್ನೂ ಬಿಡಿಬಿಡಿಯಾಗಿ ಕೇಳಿ. ವ್ಯಾನ್ ಎಂದರೆ ನೆಟ್ ಒಳಬರುವ ತೂತು, ಲ್ಯಾನ್ ಎಂದರೆ ಮನೆಯ ಸಾಧನಗಳಿಗೆ ಹೋಗುವ ತೂತು, ಗಿಗಾಬಿಟ್ ಎಂದರೆ ಸಾವಿರ ಎಂಬಿಪಿಎಸ್. 10/100/1000 ಎಂದು ಬರೆದಿರದಿದ್ದರೆ ಡಬ್ಬ ಕೆಳಗಿಡಿ.

ಪೋರ್ಟ್ ಗಿಗಾಬಿಟ್ ಇದ್ದೂ 94ಕ್ಕೇ ನಿಂತಿತೇ? ಹಾಗಾದರೆ ತಂತಿಯ ತುದಿ ನೋಡಿ. ಪಾರದರ್ಶಕ ಪ್ಲಗ್ಗಿನ ಕೊಕ್ಕೆ ಕೆಳಗಿರುವಂತೆ, ತುದಿ ಮುಂದಿರುವಂತೆ ಹಿಡಿದರೆ ಎಡದಿಂದ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು, ಹೀಗೆ ಎಂಟೂ ಎಳೆ ಕಾಣಬೇಕು. ನೂರಕ್ಕೆ ಕಿತ್ತಳೆ ಮತ್ತು ಹಸಿರು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ನೀಲಿಯ ಒಂದೆಳೆ ತುಂಡಾಗಿದ್ದರೂ ಸಂಪರ್ಕ ಸದ್ದಿಲ್ಲದೆ ನೂರಕ್ಕೆ ಇಳಿದು, ಲೈಟ್ ಏನೋ ಮಿನುಗುತ್ತಲೇ ಇರುತ್ತದೆ. ಇನ್ನು ಕೆಲವು ಮನೆಗಳಲ್ಲಿ ಕ್ಯಾಮೆರಾ ಹಾಕುವವರು ಒಂದೇ ಕೇಬಲ್ಲಿನ ನಾಲ್ಕೆಳೆಯನ್ನು ನೆಟ್‌ಗೂ ಉಳಿದ ನಾಲ್ಕನ್ನು ಕ್ಯಾಮೆರಾಕ್ಕೂ ಹಂಚಿಬಿಟ್ಟಿರುತ್ತಾರೆ. ಉಳಿತಾಯವೇನೋ ಸರಿ, ಆದರೆ ಆ ತಂತಿಯಲ್ಲಿ ಗಿಗಾಬಿಟ್ ಎಂದಿಗೂ ಬರದು.

ಕೇಬಲ್ ಕೊಳ್ಳುವಾಗ ಕ್ಯಾಟ್5ಇ ದರ್ಜೆಯದು ಸಾಕು, ಕ್ಯಾಟ್6 ಇದ್ದರೆ ಒಳ್ಳೆಯದೇ. ಅದಕ್ಕಿಂತ ಮುಖ್ಯ, ಅಚ್ಚ ತಾಮ್ರವಾಗಿರಬೇಕು. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿಯೂ ಅದೇ ಬಣ್ಣದ ಹೊದಿಕೆಯಲ್ಲಿ ಮಾರಾಟವಾಗುತ್ತದೆ. ಒಂದೆಳೆಯನ್ನು ಬ್ಲೇಡಿನಲ್ಲಿ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ. ತಂತಿಯಲ್ಲೇ ಕರೆಂಟ್ ಪಡೆಯುವ ಪಿಒಇ ಕ್ಯಾಮೆರಾಕ್ಕೆ ಅದನ್ನು ಹಾಕಿದರೆ ಬಿಸಿಯೂ ಆಗುತ್ತದೆ.

ಈಗ ಡಬ್ಬದ ಮೇಲಿನ ದೊಡ್ಡ ಅಂಕಿಗಳ ಮಾತು. ಎಸಿ ಎಂದರೆ ವೈಫೈ 5 ಪೀಳಿಗೆ, ಎಎಕ್ಸ್ ಎಂದರೆ ವೈಫೈ 6. ಎಸಿ1200 ಎಂದರೆ 2.4ರಲ್ಲಿ 300, 5ರಲ್ಲಿ 867, ಕೂಡಿಸಿ ಸುತ್ತು ಹಾಕಿದ್ದು. ಎಎಕ್ಸ್1800 ಎಂದರೆ 574 ಮತ್ತು 1201. ಎಎಕ್ಸ್3000 ಎಂದರೆ 574 ಮತ್ತು 2402. ಸಾಮಾನ್ಯವಾಗಿ ಫೋನ್‌ಗಳು ಎರಡು ಪಟ್ಟಿಗಳನ್ನು ಹೀಗೆ ಕೂಡಿಸಿಕೊಂಡು ಬಳಸುವುದಿಲ್ಲ, ಒಂದು ಹೊತ್ತಿಗೆ ಒಂದರಲ್ಲೇ ಇರುತ್ತವೆ. ಅಲ್ಲಿಯೂ ಕೈಗೆ ಸಿಗುವುದು ಬರೆದದ್ದರಲ್ಲಿ ಅರ್ಧ, ಅದೃಷ್ಟವಿದ್ದರೆ ಸ್ವಲ್ಪ ಹೆಚ್ಚು. 2402 ಬರಬೇಕಾದರೆ 160 ಮೆಗಾಹರ್ಟ್ಸ್ ಅಗಲದ ಚಾನೆಲ್ ಬೇಕು. ಬಹಳಷ್ಟು ಫೋನ್‌ಗಳು 80ಕ್ಕೇ ನಿಲ್ಲುತ್ತವೆ. ಹಾಗಾಗಿ ಗಿಜಿಗುಡುವ ಮನೆಗೂ ಎರಡು ಕೋರಿನ ಪ್ರೊಸೆಸರ್, 256 ಎಂಬಿ ರ‍್ಯಾಮ್ ಇರುವ, ಪೋರ್ಟೆಲ್ಲ ಗಿಗಾಬಿಟ್ ಆಗಿರುವ ಎಎಕ್ಸ್1800 ವೈಫೈ 6 ರೂಟರ್ ಧಾರಾಳವಾಯಿತು. ವೈಫೈ 5 ಬೇಡ ಅನ್ನುವುದಕ್ಕೆ ಒಂದು ಕಾರಣವಿದೆ: ಅದು 2.4 ಗಿಗಾಹರ್ಟ್ಸನ್ನು ಮುಟ್ಟಿಯೇ ಇಲ್ಲ, ಅಲ್ಲಿ ಇನ್ನೂ ಹಿಂದಿನ ಪೀಳಿಗೆಯದೇ ಓಡುತ್ತದೆ. ವೈಫೈ 6 ಎರಡೂ ಕಡೆ ಕೆಲಸ ಮಾಡುತ್ತದೆ, ಒಂದೇ ಸರದಿಯಲ್ಲಿ ಹಲವು ಸಾಧನಗಳಿಗೆ ಚೂರುಚೂರು ಬಡಿಸುತ್ತದೆ. ಪೂರ್ತಿ ಲಾಭ ಸಿಗಬೇಕಾದರೆ ಫೋನೂ ವೈಫೈ 6 ಆಗಿರಬೇಕು ಎಂಬುದನ್ನು ಮಾತ್ರ ಅಂಗಡಿಯವರು ಹೇಳುವುದಿಲ್ಲ.

ಕೊಂಬುಗಳ ಸಂಖ್ಯೆಗೆ ಮರುಳಾಗಬೇಡಿ. ಡಬ್ಬಿ ಎಷ್ಟೇ ಜೋರಾಗಿ ಕೂಗಿದರೂ ಫೋನಿನ ಸಣ್ಣ ದನಿ ಅದಕ್ಕೆ ವಾಪಸ್ ಕೇಳಬೇಕಲ್ಲ!

ಇಡುವ ಜಾಗದ ವಿಷಯದಲ್ಲಿ ನಮ್ಮೂರಿನ ಮನೆಗಳಿಗೇ ಅಂಟಿದ ತೊಂದರೆ ಇದೆ. ಫೈಬರ್ ಬರುವುದು ಬೀದಿಯ ಕಂಬದಿಂದ. ನೆಟ್‌ನ ಹುಡುಗರು ಕಿಟಕಿಯ ಮೂಲೆಯಲ್ಲಿ ತೂತು ಕೊರೆದು, ಹತ್ತಿರದ ಪ್ಲಗ್ಗಿಗೆ ಡಬ್ಬಿ ಸಿಕ್ಕಿಸಿ ಹೊರಡುತ್ತಾರೆ. ಆಮೇಲೆ ಮನೆಯವರು ಅದನ್ನು ಟಿವಿ ಯೂನಿಟ್ಟಿನ ಒಳಗೆ ತಳ್ಳಿ ಬಾಗಿಲು ಹಾಕುತ್ತಾರೆ. ಅಲ್ಲಿಂದ ಅಡುಗೆಮನೆ ದಾಟಿ ಹಿಂದಿನ ರೂಮಿಗೆ ಹೋಗಬೇಕಾದರೆ ಒಂಬತ್ತಿಂಚಿನ ಇಟ್ಟಿಗೆ ಗೋಡೆ ಎರಡೋ ಮೂರೋ, ನಡುವೆ ಕಬ್ಬಿಣದ ಬೀರು, ಫ್ರಿಜ್. ಮಹಡಿಗಾದರೆ ಕಬ್ಬಿಣದ ಸರಳು ತುಂಬಿದ ತಾರಸಿ. ಅಗ್ರಹಾರದ ಕಡೆಯ ಹಳೆಯ ಮನೆಗಳಲ್ಲಿ ಗೋಡೆ ಇನ್ನೂ ದಪ್ಪ. ವಿಚಿತ್ರವೆಂದರೆ ತೊಟ್ಟಿಮನೆಗಳಲ್ಲಿ ತೊಂದರೆ ಕಡಿಮೆ: ತೊಟ್ಟಿಯ ಪಕ್ಕದ ಕಂಬದ ಬಳಿ ಡಬ್ಬಿ ಇಟ್ಟರೆ ತೆರೆದ ಜಾಗದ ಮೂಲಕ ಸುತ್ತಲ ಕೋಣೆಗಳಿಗೆ ಸಿಗ್ನಲ್ ಹರಿಯುತ್ತದೆ. ಕಟ್ಟಿಸಿದವರು ವೈಫೈ ನೆನೆದು ಕಟ್ಟಿಸಿದ್ದಲ್ಲ, ಪಾಪ.

ಆದ್ದರಿಂದ ಎಲ್ಲ ಕೆಲಸವನ್ನೂ ಒಂದೇ ಡಬ್ಬಿಗೆ ಹೊರಿಸದಿರುವುದು ಮೇಲು. ನೆಟ್‌ನವರು ಕೊಟ್ಟ ಡಬ್ಬಿ ಬೆಳಕನ್ನು ತಂತಿಯ ಸಂಕೇತವಾಗಿಸುವ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಅದು ಕಿಟಕಿಯ ಮೂಲೆಯಲ್ಲೇ ಇರಲಿ, ಅದರ ವೈಫೈ ಆರಿಸಿ. ಅಲ್ಲಿಂದ ಒಂದು ತಾಮ್ರದ ಕೇಬಲ್ ಎಳೆದು, ಮನೆಯ ನಡುವೆ ಆಳೆತ್ತರದಲ್ಲಿ, ಬಯಲಿನಲ್ಲಿ ನಿಮ್ಮ ರೂಟರ್ ಇಡಿ. ಅದಕ್ಕೆ ಎರಡು ದಾರಿ. ಸುಲಭದ್ದು, ಹೊಸ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ವೈಫೈ ಹರಡುವುದಷ್ಟೇ ಕೆಲಸ) ಹಾಕುವುದು. ಆಗ ಸಾಧನಗಳಿಗೆ ಐಪಿ ವಿಳಾಸ ಹಂಚುವ ಕೆಲಸ ಹಳೆಯ ಡಬ್ಬಿಯದೇ. ಸಾಧನಗಳು ಇಪ್ಪತ್ತರೊಳಗಿದ್ದರೆ ಇಷ್ಟು ಸಾಕು. ಇನ್ನೊಂದು, ಹಳೆಯ ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ (ಸಂಕೇತ ದಾಟಿಸುವುದಷ್ಟೇ ಕೆಲಸ) ಹಾಕಿಸಿ, ನೆಟ್‌ಗೆ ಲಾಗಿನ್ ಆಗುವ ಪಿಪಿಪಿಒಇ ಹೆಸರು ಮತ್ತು ಪಾಸ್‌ವರ್ಡ್‌ಗಳನ್ನು ನಿಮ್ಮ ರೂಟರ್‌ನಲ್ಲಿ ತುಂಬುವುದು. ವಿಎಲ್ಎಎನ್ ಸಂಖ್ಯೆಯನ್ನೂ (ನೆಟ್‌ನವರ ಜಾಲದಲ್ಲಿ ನಿಮ್ಮ ದಾರಿಯ ಗುರುತು) ಅವರಿಂದ ಕೇಳಿ ಬರೆದಿಟ್ಟುಕೊಳ್ಳಿ, ಅದಿಲ್ಲದೆ ಕೆಲವು ಕಡೆ ಲಾಗಿನ್ನೇ ಆಗದು. ಡಬ್ಬಿಯಿಂದಲೇ ಲ್ಯಾಂಡ್‌ಲೈನ್ ಫೋನ್ ನಡೆಯುತ್ತಿದ್ದರೆ ಬ್ರಿಡ್ಜ್ ಮಾಡಿಸುವ ಮುಂಚೆ ಫೋನ್ ಉಳಿಯುತ್ತದೆಯೇ ಎಂದು ವಿಚಾರಿಸಿ. ಎರಡೂ ಮಾಡದೆ ಸುಮ್ಮನೆ ಒಂದರ ಹಿಂದೆ ಒಂದು ಸಿಕ್ಕಿಸಿದರೆ ಐಪಿ ವಿಳಾಸದ ಅನುವಾದ (ನ್ಯಾಟ್) ಎರಡೆರಡು ಸಲ ನಡೆದು ಆಟ, ಕ್ಯಾಮೆರಾ, ಆಫೀಸಿನ ಸುರಕ್ಷಿತ ಸಂಪರ್ಕವಾದ ವಿಪಿಎನ್ ತಕರಾರು ತೆಗೆಯಬಹುದು.

ಮಹಡಿಗೆ ಇನ್ನೊಂದು ಡಬ್ಬಿ ಬೇಕಾದರೆ ಅದಕ್ಕೂ ತಂತಿಯೇ ಬೇಕು. ಗೋಡೆಗೆ ಸಿಕ್ಕಿಸುವ ಅಗ್ಗದ ರಿಪೀಟರ್ ಅದೇ ಚಾನೆಲ್‌ನಲ್ಲಿ ಕೇಳಿ ಅದೇ ಚಾನೆಲ್‌ನಲ್ಲಿ ಮತ್ತೆ ಹೇಳುವುದರಿಂದ ವೇಗ ಅರ್ಧಕ್ಕೆ ಬೀಳುತ್ತದೆ. ಸಿಗ್ನಲ್ ತೋರಿಸುವ ಆ್ಯಪ್‌ನಲ್ಲಿ ಮೈನಸ್ 67 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು) ಒಳಗಿದ್ದರೆ ವಿಡಿಯೊ ಕಾಲ್ ನಿರಾಳ, 75 ದಾಟಿದರೆ ಮುಖ ಚೌಕಚೌಕವಾಗುತ್ತದೆ. 2.4ಕ್ಕೆ 1, 6, 11 ಇವುಗಳಲ್ಲೊಂದು ಚಾನೆಲ್, ಅಗಲ 20 ಮೆಗಾಹರ್ಟ್ಸ್. ಅಗಲ ಹೆಚ್ಚಿಸಿದರೆ ಪಕ್ಕದ ಮನೆಯ ಗದ್ದಲವನ್ನೂ ಒಳಗೆ ಕರೆದುಕೊಂಡಂತೆ. ವೈಫೈ ಕ್ಯಾಮೆರಾಗಳನ್ನು ಆದಷ್ಟು ತಂತಿಗೆ ವರ್ಗಾಯಿಸಿ, ಇಡೀ ದಿನ ಮಾತಾಡುತ್ತಲೇ ಇರುವವು ಅವೇ.

ಕ್ಯಾಮೆರಾ ಎಂದಾಗ ಇನ್ನೊಂದು. ಪೋರ್ಟ್ ಫಾರ್ವರ್ಡ್ ಮಾಡಿದರೂ (ಹೊರಗಿನವರಿಗೆ ರೂಟರ್‌ನಲ್ಲಿ ದಾರಿ ಬಿಡುವುದು) ಕ್ಯಾಮೆರಾ ಚಿತ್ರ ದಾಖಲಿಸುವ ಡಿವಿಆರ್ ಹೊರಗಿನಿಂದ ತೆರೆಯದಿದ್ದರೆ ರೂಟರನ್ನು ಬೈಯುವ ಮುಂಚೆ ಅದರ ವ್ಯಾನ್ ವಿಳಾಸ ನೋಡಿ. 100.64ರಿಂದ 100.127ರೊಳಗೆ ಶುರುವಾಗಿದ್ದರೆ ನಿಮ್ಮ ಸಂಪರ್ಕ ಸಿಜಿನ್ಯಾಟ್ ಹಿಂದಿದೆ, ಒಂದೇ ಹೊರ ವಿಳಾಸವನ್ನು ಹಲವು ಮನೆಗಳು ಹಂಚಿಕೊಂಡಿವೆ. ಎಂಥ ರೂಟರ್ ತಂದರೂ ಅದು ತೆರೆಯದು. ನಿಮಗೇ ಮೀಸಲಾದ ಸ್ಟ್ಯಾಟಿಕ್ ಐಪಿ ವಿಳಾಸ ಕೇಳಬೇಕು, ಇಲ್ಲವೇ ಕ್ಯಾಮೆರಾ ಕಂಪನಿಯ ಆ್ಯಪ್ ಮೂಲಕವೇ ನೋಡಬೇಕು.

ಎಲ್ಲ ಸರಿಯಿದ್ದೂ ಮಧ್ಯೆ ಮಧ್ಯೆ ಕಾಲ್ ಮುಗ್ಗರಿಸುವುದು ಅಪ್‌ಲೋಡ್ ತುಂಬಿದಾಗ. ಮದುವೆಯಿಂದ ಬಂದ ಯಾರದೋ ಫೋನ್ ನಾನೂರು ಫೋಟೊ ಕ್ಲೌಡ್‌ಗೆ ಏರಿಸಲು ತೊಡಗಿದರೆ ಉಳಿದವರ ಮಾತು ಅದರ ಹಿಂದೆ ಸಾಲು ನಿಲ್ಲುತ್ತದೆ. ದೊಡ್ಡ ಫೈಲ್ ಅಪ್‌ಲೋಡ್ ಮಾಡುತ್ತ ಪಿಂಗ್ (ಉತ್ತರ ಮರಳಲು ಹಿಡಿಯುವ ಸಮಯ) ಹಾಕಿ ನೋಡಿ: 10 ಮಿಲಿಸೆಕೆಂಡ್ ಇದ್ದದ್ದು 200-300ಕ್ಕೆ ಜಿಗಿದರೆ ಇದೇ ಕಾಯಿಲೆ. ರೂಟರ್‌ನಲ್ಲಿ ಈ ಸಾಲನ್ನು ನಿಭಾಯಿಸುವ ಎಸ್‌ಕ್ಯೂಎಂ ಅಥವಾ ಒಳ್ಳೆಯ ಕ್ಯೂಒಎಸ್ ಸೌಲಭ್ಯ ಇದ್ದರೆ ಅಳೆದ ವೇಗದ ಶೇ 85-90ಕ್ಕೆ ಮಿತಿ ಹಾಕಿ, ಸಾಲು ಕರಗುತ್ತದೆ. ಕೊಳ್ಳುವಾಗ ಪ್ರೊಸೆಸರ್ ಕೇಳಬೇಕೆಂದದ್ದು ಇದಕ್ಕೇ, ಈ ಲೆಕ್ಕಾಚಾರವೆಲ್ಲ ಅದರ ಮೇಲೆ ಬೀಳುತ್ತದೆ.

ಫೈಬರ್ ತಂತಿಯನ್ನು ಬಳೆಗಿಂತ ಚಿಕ್ಕ ಸುತ್ತು ಸುತ್ತಬೇಡಿ, ಒಳಗಿನ ಬೆಳಕು ಸೋರುತ್ತದೆ. ಡಬ್ಬಿಯ ಅಡ್ಮಿನ್ ಪುಟದಲ್ಲಿ ಆಪ್ಟಿಕಲ್ ಪವರ್ (ಬಂದ ಬೆಳಕಿನ ಬಲ) ಮೈನಸ್ 20 ಡಿಬಿಎಂ ಆಸುಪಾಸಿದ್ದರೆ ಚೆನ್ನ, ಮೈನಸ್ 27ಕ್ಕಿಂತ ಕೆಳಗಿಳಿದರೆ ಸಂಪರ್ಕ ಕಡಿದು ಕಡಿದು ಬರುತ್ತದೆ. ಹಸಿರು ಕನೆಕ್ಟರ್ ಇರುವಲ್ಲಿ ನೀಲಿಯದನ್ನು ತುರುಕಬಾರದು, ಎರಡರ ತುದಿ ಕೊರೆದ ಕೋನವೇ ಬೇರೆ.

ಕರೆಂಟ್ ಹೋದಾಗ ಇನ್ವರ್ಟರ್ ಇದ್ದರೂ ಡಬ್ಬಿ ಆರಿ ಹೊತ್ತಿಕೊಂಡರೆ ಇನ್ವರ್ಟರಿನ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿ. ಮಿನಿ ಯುಪಿಎಸ್ ಕೊಳ್ಳುವುದಾದರೆ ಎರಡೂ ಡಬ್ಬಿಗಳ ಅಡಾಪ್ಟರ್‌ಗಳ ಮೇಲಿನ ಆಂಪಿಯರ್ ಅಂಕಿ ಕೂಡಿಸಿ. 12 ವೋಲ್ಟ್ 1 ಆಂಪಿಯರ್ ಮತ್ತು 12 ವೋಲ್ಟ್ 1.5 ಆಂಪಿಯರ್ ಎಂದರೆ 2.5 ಆಂಪಿಯರ್ ಕೊಡುವಂಥದ್ದು ಬೇಕು. ‘8000 ಎಂಎಎಚ್’ ಎಂದಿದ್ದರೆ ಅದು ಸಾಮಾನ್ಯವಾಗಿ ಒಳಗಿನ 3.7 ವೋಲ್ಟಿನ ಲೆಕ್ಕ, ಅಂದರೆ ಸುಮಾರು 30 ವಾಟ್-ಅವರ್. ಎರಡೂ ಡಬ್ಬಿ ಸೇರಿ 12 ವಾಟ್ ಎಳೆದರೆ ಎರಡು ಗಂಟೆ ಬರುತ್ತದೆ, ಡಬ್ಬದ ಮೇಲೆ ಬರೆದ ಆರು ಗಂಟೆ ಅಲ್ಲ.

ಸೇವೆ ಕೊಡುವ ಕಂಪನಿಗಳಿಗೆ ಪತ್ರಿಕೆಯ ಮೂಲಕ ಒಂದು ಕೋರಿಕೆ. ಪ್ಲಾನ್ ಹಾಳೆಯಲ್ಲಿ ಬೆಲೆಯ ಜೊತೆ ನಾಲ್ಕು ಸಾಲು ಸೇರಿಸಲಿ: ಕೊಡುವ ಡಬ್ಬಿಯ ಪೋರ್ಟ್ ವೇಗ, ಅಪ್‌ಲೋಡ್ ವೇಗ, ಸಿಜಿನ್ಯಾಟ್ ಇದೆಯೋ ಇಲ್ಲವೋ, ಬ್ರಿಡ್ಜ್ ಮಾಡಿಕೊಡುತ್ತಾರೋ ಇಲ್ಲವೋ. ಇನ್ನು ಬೋಗಾದಿ, ವಿಜಯನಗರದ ಕಡೆ ಹೊಸ ಮನೆ ಕಟ್ಟಿಸುತ್ತಿರುವವರು ಗಾರೆ ಕೆಲಸಕ್ಕೆ ಮುಂಚೆ ಬೀದಿ ಕಡೆಯ ಕಿಟಕಿಯಿಂದ ನಡುಮನೆಗೂ, ಅಲ್ಲಿಂದ ಮಹಡಿಗೂ ಒಂದಿಂಚಿನ ಪೈಪ್ ಹಾಕಿಸಿ, ಕರೆಂಟ್ ವೈರಿನ ಪೈಪಿಗೆ ಸೇರಿಸದೆ ಬೇರೆಯಾಗಿ. ಮೂಲೆಯಲ್ಲಿ ಚೂಪಾದ ಎಲ್ಬೋ ಬೇಡ, ಬಳುಕಿದ ಬೆಂಡ್ ಇರಲಿ. ಒಳಗೆ ಎಳೆಯಲೊಂದು ನೈಲಾನ್ ದಾರ ಬಿಟ್ಟಿರಲಿ.

– ನೆಟ್‌ವರ್ಕ್ ತಂತ್ರಜ್ಞ, ಕುವೆಂಪುನಗರ, ಮೈಸೂರು