ಲೆಫ್ಟ್ ಬ್ಯಾಕ್ ಆದ ಅಳಿಯನಿಗೆ

ಬೆಂಗಳೂರು

ಪ್ರೀತಿಯ ಅಳಿಯನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನೀನು ಶಾಲೆಯ ಫುಟ್‌ಬಾಲ್ ತಂಡಕ್ಕೆ ಆಯ್ಕೆಯಾದ ಸುದ್ದಿಯನ್ನೂ, ತಂಡವೇ ಬೇಡವೆಂದು ಮುನಿಸಿಕೊಂಡು ಕೂತ ಸುದ್ದಿಯನ್ನೂ ನಿನ್ನ ಅಮ್ಮ ಒಂದೇ ಉಸಿರಿನಲ್ಲಿ ಹೇಳಿದಳು. ಮುಂದೆ ನಿಂತು ಗೋಲು ಹೊಡೆಯಬೇಕೆಂದಿದ್ದ ನಿನ್ನನ್ನು ಮೇಷ್ಟ್ರು ಹಿಂದೆ ನಿಂತು ಎಡಬದಿ ಕಾಯುವ ಲೆಫ್ಟ್ ಬ್ಯಾಕ್ ಮಾಡಿದ್ದಾರಂತೆ. "ಬಿಡಲಿ ಬಿಡಣ್ಣ, ಓದಿಗಾದರೂ ಸಮಯ ಸಿಗುತ್ತದೆ" ಎಂಬುದು ಅವಳ ವಾದ. ಅಣ್ಣನ ಮಾತು ಕೇಳುವ ವಯಸ್ಸನ್ನು ಅವಳು ದಾಟಿ ಬಹಳ ಕಾಲವಾಯಿತು. ಫೋನಿನಲ್ಲಿ ನಿನಗೆ ಹೇಳೋಣವೆಂದರೆ "ಹೂಂ ಮಾವ, ಹೂಂ ಮಾವ" ಎಂದು ಮುಗಿಸಿಬಿಡುತ್ತೀಯ. ಅದಕ್ಕೇ ಈ ಕಾಗದ.

ಆಟದಿಂದ ಶಿಸ್ತು ಬರುತ್ತದೆ, ಸೋಲು ಗೆಲುವುಗಳನ್ನು ಸಮನಾಗಿ ಕಾಣುವ ಗುಣ ಬರುತ್ತದೆ ಎಂದು ನಿಮ್ಮ ಶಾಲೆಯ ಕ್ರೀಡಾಕೂಟದಲ್ಲಿ ಮುಖ್ಯ ಅತಿಥಿಗಳು ಪ್ರತಿ ವರ್ಷ ಹೇಳುತ್ತಾರಲ್ಲ, ಅದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕಾರ್ಖಾನೆಯ ತಂಡದಲ್ಲಿ ಆಡಿದವನು ನಾನು. ಮೈ ಸೋಕುವ ಮೊದಲೇ ಉರುಳಾಡುವುದು, ಒಂದು ಗೋಲು ಮುಂದಿರುವಾಗ ಬೂಟಿನ ಲೇಸು ಬಿಚ್ಚಿ ಕಟ್ಟಿ ಕಾಲ ಕಳೆಯುವುದು, ರೆಫರಿ ಬೆನ್ನು ತಿರುಗಿಸಿದಾಗ ಅಂಗಿ ಜಗ್ಗುವುದು, ಇವನ್ನೂ ಮೈದಾನವೇ ಕಲಿಸುತ್ತದೆ. ಕಿರಿಯರ ಪಂದ್ಯಾವಳಿಗಳಲ್ಲಿ ವಯಸ್ಸು ಮುಚ್ಚಿಟ್ಟು ಆಡಿಸುವುದು ನಮ್ಮ ದೇಶದ ಹಳೆಯ ಕಾಯಿಲೆ. ಆ ಸುಳ್ಳಿನಲ್ಲಿ ಮಕ್ಕಳ ಜೊತೆ ದೊಡ್ಡವರೂ ಪಾಲುದಾರರು. ಜೆರ್ಸಿ ತೊಟ್ಟ ಮಾತ್ರಕ್ಕೆ ಯಾರ ಗುಣವೂ ತಿದ್ದುವುದಿಲ್ಲ. ಆದರೆ ನಿನ್ನ ವಯಸ್ಸಿನ ಹುಡುಗನಿಗೆ ತನ್ನ ಗುಣವನ್ನು ದಿನಾ ಸಂಜೆ ಬಿಸಿಲಿಗೆ ಹಿಡಿದು ನೋಡಿಕೊಳ್ಳುವ ಅವಕಾಶ ಫುಟ್‌ಬಾಲಿನಲ್ಲಿ ಇರುವಷ್ಟು ಬೇರೆಲ್ಲೂ ಇಲ್ಲ. ಅದರಲ್ಲೂ ಲೆಫ್ಟ್ ಬ್ಯಾಕ್‌ನಲ್ಲಿ. ಯಾಕೆ ಎನ್ನುತ್ತೇನೆ, ಕೇಳು.

ಸಣ್ಣ ಲೆಕ್ಕ ಮಾಡು. ನಿಮ್ಮ ಶಾಲಾ ಪಂದ್ಯ 50 ನಿಮಿಷದ್ದು ಎಂದಿಟ್ಟುಕೋ. ಮೈದಾನದಲ್ಲಿ 22 ಜನ. ಚೆಂಡನ್ನು ಎಲ್ಲರಿಗೂ ಸಮಪಾಲು ಹಂಚಿದರೂ ತಲೆಗೆ ಎರಡೂಕಾಲು ನಿಮಿಷ ಬರುತ್ತದೆ. ಚೆಂಡು ಗೆರೆಯಾಚೆ ಹೋಗಿದ್ದು, ಗಾಳಿಯಲ್ಲಿ ಹಾರಿದ್ದು, ರೆಫರಿ ಆಟ ನಿಲ್ಲಿಸಿದ್ದು ಎಲ್ಲ ಕಳೆದರೆ ಉಳಿಯುವುದು ಇನ್ನೂ ಕಡಿಮೆ. ಗೋಲು ಹೊಡೆಯುವವನ ಪಾಲೂ ಅಷ್ಟೇ. ಹಾಗಾದರೆ ಮಿಕ್ಕ ನಲವತ್ತೆಂಟು ನಿಮಿಷ ನೀನು ಏನು ಮಾಡುತ್ತಿರುತ್ತೀಯ? ನಿನ್ನ ಮೇಷ್ಟ್ರು ನೋಡುತ್ತಿರುವುದು ಅದನ್ನು. ನಾನಿದ್ದರೂ ಅದನ್ನೇ ನೋಡುತ್ತಿದ್ದೆ. ಚೆಂಡು ಕಾಲಿಗೆ ಬಂದಾಗ ಹುಮ್ಮಸ್ಸು ಯಾರಿಗಾದರೂ ಬರುತ್ತದೆ. ಚೆಂಡು ಆ ತುದಿಯಲ್ಲಿರುವಾಗ, ಯಾರೂ ನಿನ್ನ ಕಡೆ ನೋಡದಿರುವಾಗ, ಸರಿಯಾದ ಜಾಗದಲ್ಲಿ ನಿಂತಿರುವುದಿದೆಯಲ್ಲ, ಅದು ಅಭ್ಯಾಸದಿಂದ ಮಾತ್ರ ಬರುವಂಥದ್ದು.

ಆಫ್‌ಸೈಡ್ ನಿಯಮ ನಿನಗೆ ಗೊತ್ತು. ನಿಮ್ಮ ಅರ್ಧದಲ್ಲಿ ಎದುರಾಳಿ ತನ್ನವನಿಗೆ ಚೆಂಡು ಒದೆಯುವ ಕ್ಷಣದಲ್ಲಿ, ಆ ಇನ್ನೊಬ್ಬ ಚೆಂಡನ್ನೂ ನಿಮ್ಮ ಕಡೆಯ ಕೊನೆಯಿಂದ ಎರಡನೆಯವನನ್ನೂ ದಾಟಿ ಗೋಲಿಗೆ ಹತ್ತಿರವಿದ್ದರೆ ಅವನು ಆಫ್‌ಸೈಡ್; ಆಟ ನಿಲ್ಲಿಸಿ ಚೆಂಡು ನಿಮಗೆ ಕೊಡುತ್ತಾರೆ. ಕೊನೆಯವನು ಸಾಮಾನ್ಯವಾಗಿ ಗೋಲ್‌ಕೀಪರ್. ಹಾಗಾಗಿ ಸುಣ್ಣದಲ್ಲಿ ಬರೆಯದ ಆ ಗೆರೆಯನ್ನು ಎಳೆಯುವವರು ಹಿಂದಿನ ನೀವು ನಾಲ್ವರು. ನಡುವಿನವನು "ಮುಂದೆ" ಎಂದು ಕೂಗಿದ ಕೂಡಲೇ ನಾಲ್ವರೂ ಒಟ್ಟಿಗೆ ನಾಲ್ಕು ಹೆಜ್ಜೆ ಮುಂದೆ ಬರಬೇಕು. ಮೂವರು ಬಂದು, ಎಡಬದಿಯ ಹುಡುಗ ಸಾಕ್ಸ್ ಎಳೆದುಕೊಳ್ಳುತ್ತಲೋ, ಗ್ಯಾಲರಿಯಲ್ಲಿ ಗೆಳೆಯರು ಬಂದರೇ ಎಂದು ನೋಡುತ್ತಲೋ ಎರಡು ಗಜ ಹಿಂದೆ ಉಳಿದ ಎನ್ನು. ಮೂವರ ಶ್ರಮವೂ ನೀರುಪಾಲು. ಎದುರಾಳಿ ಆರಾಮವಾಗಿ ಒಳನುಗ್ಗುತ್ತಾನೆ, ಲೈನ್ಸ್‌ಮನ್ ಬಾವುಟ ಏಳುವುದಿಲ್ಲ. ಗೋಲು ಬಿದ್ದ ಮೇಲೆ ಜನ ಬೈಯುವುದು ಗೋಲ್‌ಕೀಪರನ್ನು. ತಪ್ಪು ಯಾರದೆಂದು ಗೊತ್ತಿರುವುದು ಆ ಎಡಬದಿಯವನಿಗೆ ಮಾತ್ರ. ಆಗ ಅವನು ಕೈಯೆತ್ತಿ "ನನ್ನದು" ಎನ್ನುತ್ತಾನೋ, ಗೋಲ್‌ಕೀಪರನ ಮೇಲೆ ತಾನೂ ಕೂಗಾಡುತ್ತಾನೋ? ನಿನ್ನಮ್ಮ ಕೇಳುವ "ಇದರಿಂದ ಏನು ಕಲಿಯುತ್ತಾನೆ" ಎಂಬ ಪ್ರಶ್ನೆಗೆ ಉತ್ತರ ಆ ಅರೆ ನಿಮಿಷದಲ್ಲಿದೆ.

ಲೆಫ್ಟ್ ಬ್ಯಾಕ್ ಎಂದರೆ ಮೂಲೆಗೆ ತಳ್ಳಿದ ಹಾಗೆ ಎಂದು ನೀನು ಅಂದುಕೊಂಡಿದ್ದರೆ ಶೈಲೇನ್ ಮನ್ನಾ ಹೆಸರು ಕೇಳಿಲ್ಲವೆಂದೇ ಅರ್ಥ. ಬಂಗಾಳದವರು, ಕಲ್ಕತ್ತೆಯ ಮೋಹನ್ ಬಗಾನ್ ಕ್ಲಬ್‌ನ ಲೆಫ್ಟ್ ಬ್ಯಾಕ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಫ್ರಾನ್ಸ್ ಎದುರು ಆಡಿತು. ನಮ್ಮ ಹೆಚ್ಚಿನವರು ಬರಿಗಾಲಲ್ಲಿದ್ದರು. ಫ್ರಾನ್ಸ್ ಮುಂದಿದ್ದಾಗ ಸಮ ಮಾಡಿದ ಗೋಲು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಕೊನೆಗೆ 2-1ರಲ್ಲಿ ಸೋತೆವು. ಆ ದಿನ ಸಿಕ್ಕ ಎರಡು ಪೆನಾಲ್ಟಿಗಳೂ ಕೈತಪ್ಪಿದವು. ಅದರಲ್ಲಿ ಒಂದನ್ನು ಒದ್ದವರು ಮನ್ನಾ. ಈಗಿನ ಕಾಲವಾಗಿದ್ದರೆ ಮೊಬೈಲುಗಳಲ್ಲಿ ಅವರ ಮಾನ ಹರಾಜಾಗುತ್ತಿತ್ತು. ಆದರೆ 1951ರಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆದಾಗ ಭಾರತ ತಂಡದ ನಾಯಕ ಯಾರು? ಅದೇ ಮನ್ನಾ. ಫೈನಲ್‌ನಲ್ಲಿ ಇರಾನನ್ನು 1-0ಯಿಂದ ಸೋಲಿಸಿ ಚಿನ್ನ ಗೆದ್ದರು. ಗೋಲು ಹೊಡೆದವರು ಮೇವಾಲಾಲ್, ನಾಯಕತ್ವ ಲೆಫ್ಟ್ ಬ್ಯಾಕ್‌ದು. ಪೆನಾಲ್ಟಿ ತಪ್ಪಿಸಿದವನನ್ನು ತಂಡ ಕೈಬಿಡಲಿಲ್ಲ ಎಂಬುದು ಎಷ್ಟು ದೊಡ್ಡದೋ, ತಪ್ಪಿಸಿದವನು ತಂಡವನ್ನು ಬಿಟ್ಟು ಓಡಲಿಲ್ಲ ಎಂಬುದೂ ಅಷ್ಟೇ ದೊಡ್ಡದು. ನೀನಿನ್ನೂ ಪೆನಾಲ್ಟಿ ತಪ್ಪಿಸಿಲ್ಲ, ಪಂದ್ಯವನ್ನೇ ಆಡಿಲ್ಲ. ಆಗಲೇ ಗಂಟುಮೂಟೆ ಕಟ್ಟುತ್ತಿದ್ದೀಯ.

ಮರು ವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. ನಾಯಕ ಮತ್ತೆ ಮನ್ನಾ. ಎದುರಿಗೆ ಯುಗೊಸ್ಲಾವಿಯ, ಆ ಕೂಟದಲ್ಲಿ ಮುಂದೆ ಬೆಳ್ಳಿ ಗೆದ್ದ ತಂಡ. ಅಲ್ಲಿನ ಚಳಿಯಲ್ಲಿ ನಮ್ಮವರಲ್ಲಿ ಹಲವರು ಬೂಟಿಲ್ಲದೆ ಆಡಿದರು. ಸೋತಿದ್ದು ಸಣ್ಣ ಅಂತರದಲ್ಲಲ್ಲ, 10-1. ಬೂಟು ಕಡ್ಡಾಯವಾಗಿದ್ದೇ ಈ ಪೆಟ್ಟಿನ ನಂತರ. ಪುಸ್ತಕಗಳು ಇದನ್ನು ನಾಚಿಕೆಯ ಅಧ್ಯಾಯವಾಗಿ ಬರೆಯುತ್ತವೆ, ಬರೆಯಲಿ. ನನ್ನ ಕಣ್ಣು ನೆಡುವುದು ಆ ಒಂದು ಗೋಲಿನ ಮೇಲೆ. ಅದನ್ನು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಯಾವಾಗ? 89ನೇ ನಿಮಿಷದಲ್ಲಿ! ಎದುರಾಳಿಯದು ಹತ್ತು, ನಮ್ಮದು ಸೊನ್ನೆ, ಇನ್ನೊಂದು ನಿಮಿಷಕ್ಕೆ ಆಟ ಮುಗಿಯುತ್ತದೆ. ಅಂಥ ಹೊತ್ತಿನಲ್ಲಿ ಯಾವ ಆಸೆಗೆ ಒಬ್ಬ ಮನುಷ್ಯ ಇನ್ನೂ ಎದುರಾಳಿಯ ಗೋಲಿನ ಕಡೆ ಓಡುತ್ತಾನೆ? ಪಂದ್ಯ ಉಳಿಯುವುದಿಲ್ಲ, ಮಾನವೂ ಹೆಚ್ಚೇನೂ ಉಳಿಯುವುದಿಲ್ಲ. ಆದರೂ ಓಡಿದರು. ಇದೇ ಅಹ್ಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್‌ನಲ್ಲಿ 'ಪಂಚಪಾಂಡವರು' ಎಂದು ಹೆಸರಾದ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರು. ಆ ಊರಿನವರು ಇಂದಿಗೂ ಅವರ ಹೆಸರು ಮರೆತಿಲ್ಲ. ನಿನ್ನ ತಂಡ ಮೂರು ಗೋಲು ಹಿಂದಿರುವ ದಿನ ಬಂದೇ ಬರುತ್ತದೆ. ಜಿಲ್ಲಾ ಮಟ್ಟಕ್ಕೆ ಹೋದರೆ ಐದೂ ಆಗಬಹುದು. ಆಗ ಸೊಂಟದ ಮೇಲೆ ಕೈಯಿಟ್ಟು ನಿಲ್ಲುವವರು ಯಾರು, ಚೆಂಡು ತರಲು ಓಡುವವರು ಯಾರು ಎಂದು ಸುತ್ತ ನೋಡು. ಮುಂದೆ ಜೀವನದಲ್ಲಿ ಯಾರ ಜೊತೆ ವ್ಯವಹಾರ ಮಾಡಬಹುದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಜಾಗ ಬದಲಾಯಿತೆಂಬ ನಿನ್ನ ಸಂಕಟಕ್ಕೂ ಒಂದು ಉದಾಹರಣೆ ಇದೆ. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಜರ್ನೈಲ್ ಸಿಂಗ್ ನಮ್ಮ ರಕ್ಷಣೆಯ ಗೋಡೆ. ಥಾಯ್ಲೆಂಡ್ ಎದುರಿನ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ಆರು ಹೊಲಿಗೆ ಹಾಕಿದರು. ಸೆಮಿಫೈನಲ್‌ಗೆ ಕೋಚ್ ರಹೀಮ್ ಸಾಹೇಬರು ಅವರನ್ನು ಹಿಂದಿನಿಂದ ತೆಗೆದು ಮುಂಚೂಣಿಗೆ ಹಾಕಿದರು. ಸೆಮಿಫೈನಲ್‌ನಲ್ಲೂ ಗೋಲು, ದಕ್ಷಿಣ ಕೊರಿಯದ ಎದುರು 2-1ರಲ್ಲಿ ಗೆದ್ದ ಫೈನಲ್‌ನಲ್ಲೂ ಗೋಲು. ನಿನ್ನನ್ನು ಮುಂದಿನಿಂದ ಹಿಂದಕ್ಕೆ ಹಾಕಿದ್ದಾರೆ, ಅವರನ್ನು ಹಿಂದಿನಿಂದ ಮುಂದಕ್ಕೆ ಹಾಕಿದರು, ಅಷ್ಟೇ ವ್ಯತ್ಯಾಸ. ಕೋಚ್ ಮೈದಾನವನ್ನು ಹೊರಗಿನಿಂದ ನೋಡುತ್ತಾರೆ; ನಿನ್ನ ಎಡಗಾಲು ಚುರುಕೆಂಬುದು ನಿನಗಿಂತ ಮೊದಲು ಅವರಿಗೆ ಕಂಡಿರಬಹುದು. ಹಾಗಂತ ಬಾಯಿ ಮುಚ್ಚಿಕೊಂಡಿರು ಎನ್ನುವುದಿಲ್ಲ. ಅಭ್ಯಾಸ ಮುಗಿದ ಮೇಲೆ, ಉಳಿದವರೆಲ್ಲ ಹೋದ ಮೇಲೆ, "ಸರ್, ನನ್ನನ್ನು ಯಾಕೆ ಅಲ್ಲಿ ಹಾಕಿದಿರಿ? ಅಲ್ಲಿ ನಾನು ಏನು ಕಲಿಯಬೇಕು?" ಎಂದು ಕೇಳು. ಕೇಳುವ ಧಾಟಿ ವಿನಯವಾಗಿದ್ದರೆ ಯಾವ ಮೇಷ್ಟ್ರೂ ಸಿಟ್ಟಾಗುವುದಿಲ್ಲ. ಮನೆಯಲ್ಲಿ ಅಮ್ಮನ ಎದುರು ಮುಖ ಊದಿಸಿಕೊಳ್ಳುವುದಕ್ಕಿಂತ ಅದು ಮೇಲು.

(ಆರು ಹೊಲಿಗೆಯ ಕಥೆ ಕೇಳಿ ಹುರುಪಿಗೆ ಬೀಳಬೇಡ. ತಲೆಗೆ ಪೆಟ್ಟು ಬಿದ್ದರೆ, ಕಣ್ಣು ಮಂಜಾದರೆ, ಅಲ್ಲೇ ಕೂತು ಮೇಷ್ಟ್ರಿಗೆ ಹೇಳಬೇಕು. ಅದು ಹೇಡಿತನವಲ್ಲ. ಈ ವಿಷಯದಲ್ಲಿ ನಾನು ನಿನ್ನ ಅಮ್ಮನ ಪಕ್ಷ.)

ಇನ್ನೊಂದು ಸಣ್ಣ ಸಂಗತಿ, ಸಣ್ಣದೆಂದು ಬಿಡಬೇಡ. ಚೆಂಡು ಪಕ್ಕದ ಗೆರೆ ದಾಟಿದ ತಕ್ಷಣ ಎರಡೂ ಕಡೆಯವರು ಕೈಯೆತ್ತಿ "ನಮ್ಮದು, ನಮ್ಮದು" ಎನ್ನುತ್ತಾರೆ. ಕೊನೆಗೆ ಯಾರ ಕಾಲಿಗೆ ತಾಗಿ ಹೋಯಿತೆಂದು ತಾಗಿಸಿಕೊಂಡವನಿಗೆ ಚೆನ್ನಾಗಿ ಗೊತ್ತಿರುತ್ತದೆ. ಲೆಫ್ಟ್ ಬ್ಯಾಕ್ ಆದ ನೀನು ಇಡೀ ಪಂದ್ಯ ಆ ಗೆರೆಯ ಪಕ್ಕದಲ್ಲೇ ಇರುವವನು. ಈ ಪ್ರಸಂಗ ನಿನಗೆ ಪಂದ್ಯದುದ್ದಕ್ಕೂ ಬರುತ್ತದೆ. ನಿನ್ನ ಕಾಲಿಗೆ ತಾಗಿದ್ದರೆ ಕೈ ಎತ್ತಬೇಡ. ರೆಫರಿ ಕೇಳದಿದ್ದರೆ ನೀನಾಗಿ ಹೋಗಿ ಸತ್ಯಹರಿಶ್ಚಂದ್ರನಾಗು ಎಂದು ಹೇಳುತ್ತಿಲ್ಲ; ಆಟಕ್ಕೂ ಅದರದೇ ಚಾಲಾಕಿ ಇದೆ. ಸುಮ್ಮನೆ ಕೈ ಕೆಳಗಿಟ್ಟು ನಿನ್ನ ಜಾಗಕ್ಕೆ ಓಡು. ಗೆಳೆಯರು ಮೊದಮೊದಲು ಗೊಣಗುತ್ತಾರೆ. ಕೆಲವು ಪಂದ್ಯ ಕಳೆದ ಮೇಲೆ ಆ ಹುಡುಗ ಕೈ ಎತ್ತಿದನೆಂದರೆ ಚೆಂಡು ಇವರದೇ ಎಂದು ರೆಫರಿಗಳಿಗೂ ಗೊತ್ತಾಗುತ್ತದೆ. ನಮ್ಮ ಕಾರ್ಖಾನೆಯ ಲೀಗಿನಲ್ಲಿ ಅಂಥವರೊಬ್ಬರಿದ್ದರು. ಅವರು ಉಗ್ರಾಣದ ಲೆಕ್ಕ ನೋಡಿಕೊಳ್ಳುತ್ತಿದ್ದರು, ಆ ಲೆಕ್ಕಕ್ಕೂ ಎರಡನೇ ಸಹಿ ಯಾರೂ ಕೇಳುತ್ತಿರಲಿಲ್ಲ.

ಮೊದಲ ಪಂದ್ಯಗಳಲ್ಲಿ ನಿನ್ನನ್ನು ಹೊರಗೇ ಕೂರಿಸಬಹುದು. ಕೂರುವಾಗ ಮೊಬೈಲು ಚೀಲದಲ್ಲಿರಲಿ. ನಿನ್ನ ಜಾಗದಲ್ಲಿ ಆಡುವವನ ಎದುರಿಗಿರುವ ವಿಂಗರ್, ಅಂದರೆ ಬದಿಯಿಂದ ದಾಳಿ ಮಾಡುವವನು, ಯಾವ ಕಾಲಿನವನು, ಒಳಗೆ ತಿರುಗುತ್ತಾನೋ ಗೆರೆಗುಂಟ ಓಡುತ್ತಾನೋ ನೋಡಿಟ್ಟುಕೋ. ವಿರಾಮದಲ್ಲಿ ನಿನ್ನವನಿಗೆ ಹೇಳು. ನಿನ್ನ ಜಾಗ ಕಸಿದವನಿಗೆ ಉಪಾಯ ಹೇಳುವುದು ಕಹಿಯೇ. ಚೆಂಡಿಗೆ ಗಾಳಿ ತುಂಬುವುದನ್ನೂ ಕಲಿ: ಪಂಪಿನ ಸೂಜಿಯನ್ನು ನೀರಿನಲ್ಲಿ ಅದ್ದಿ ನೇರವಾಗಿ ಇಳಿಸಬೇಕು, ಒಣ ಸೂಜಿ ಚುಚ್ಚಿದರೆ ವಾಲ್ವ್ ಹರಿದು ಒಂದು ಚೆಂಡು ಹೋಯಿತು. ಬಲೆ ಕಟ್ಟುವುದು, ಗೆರೆಗೆ ಸುಣ್ಣ ಹಾಕುವುದು, ಪಂದ್ಯವಾದ ಮೇಲೆ ಎಲ್ಲರ ಜೆರ್ಸಿ ಎಣಿಸಿ ಚೀಲಕ್ಕೆ ತುಂಬುವುದು, ಇವೆಲ್ಲ ಸಣ್ಣ ಹುಡುಗರ ಕೆಲಸವೆಂದು ಹತ್ತನೇ ತರಗತಿಯವರು ನಿನ್ನ ಮೇಲೆ ಹೊರಿಸುತ್ತಾರೆ. ಮಾಡು. ಆದರೆ ಮುಂದಿನ ವರ್ಷ ನೀನು ಹತ್ತಕ್ಕೆ ಬಂದಾಗ ಒಂಬತ್ತನೆಯವರ ಜೊತೆ ನೀನೂ ಬಲೆಯ ಒಂದು ತುದಿ ಹಿಡಿ.

ಓದಿನ ವಿಷಯ. ನಿನ್ನ ಅಮ್ಮನ ಆತಂಕ ಸುಳ್ಳಲ್ಲ. ಫುಟ್‌ಬಾಲ್ ನಂಬಿ ಹೊಟ್ಟೆ ಹೊರೆಯುವವರು ಬೆರಳೆಣಿಕೆಯಷ್ಟು. ಕ್ರೀಡಾ ಕೋಟಾದ ಕನಸು ಕಟ್ಟಿಕೊಂಡು ಪುಸ್ತಕ ಮುಚ್ಚಬೇಡ. ಸಂಜೆ ಆಡಿ ಬಂದವನಿಗೆ ರಾತ್ರಿ ಎಂಟಕ್ಕೇ ನಿದ್ದೆ ತೂಗುತ್ತದೆ, ಅದೂ ನಿಜ. ಅದಕ್ಕೆ ಬೆಳಿಗ್ಗೆ ಏಳಬೇಕು, ಬೇರೆ ದಾರಿಯಿಲ್ಲ. ಅಮ್ಮನ ಜೊತೆ ಒಂದು ಕರಾರು ಮಾಡಿಕೋ: ಕಿರುಪರೀಕ್ಷೆಯಲ್ಲಿ ಗಣಿತ, ವಿಜ್ಞಾನದ ಅಂಕ ಈಗಿರುವುದಕ್ಕಿಂತ ಇಳಿದರೆ ಪರೀಕ್ಷೆಯ ವಾರಗಳಲ್ಲಿ ಅಭ್ಯಾಸಕ್ಕೆ ಹೋಗುವುದಿಲ್ಲ ಎಂದು. ಮೇಷ್ಟ್ರಿಗೂ ಮೊದಲೇ ತಿಳಿಸು. ಹೇಳದೆ ತಪ್ಪಿಸಿಕೊಂಡರೆ ಹತ್ತು ಜನ ನಿನಗಾಗಿ ಕಾಯುತ್ತಾರೆ. ಆ ಕರಾರಿಗೆ ನಾನು ಸಾಕ್ಷಿ ಎಂದು ಅಮ್ಮನಿಗೆ ಹೇಳು.

ಈ ತಿಂಗಳ ಪಿಂಚಣಿ ಬಂದ ಕೂಡಲೇ ಬೂಟಿಗೂ ಶಿನ್ ಗಾರ್ಡಿಗೂ ಹಣ ಕಳಿಸುತ್ತೇನೆ. ನಿಮ್ಮ ಮೈದಾನ ಗಟ್ಟಿ ಮಣ್ಣಿನದು, ಹುಲ್ಲಿನದಲ್ಲ. ಆದ್ದರಿಂದ ಅಡಿಯಲ್ಲಿ ಮೊಳೆಯಂಥ ಉದ್ದ ಸ್ಟಡ್ ಇರುವುದನ್ನು ಅಂಗಡಿಯವನು ಎಷ್ಟೇ ಹೊಗಳಿದರೂ ಕೊಳ್ಳಬೇಡ, ಮೊಣಕಾಲು ಹಾಳಾಗುತ್ತದೆ. ಗಿಡ್ಡ ರಬ್ಬರ್ ಸ್ಟಡ್ ಸಾಕು. ಆಟದ ಸಾಕ್ಸ್ ಹಾಕಿಕೊಂಡೇ ಅಳತೆ ನೋಡು, ಸಂಜೆ ಹೊತ್ತು ಹೋಗು, ಆಗ ಪಾದ ಸ್ವಲ್ಪ ಊದಿರುತ್ತದೆ. ಬೆಳೆಯುವ ಹುಡುಗನೆಂದು ಎರಡು ನಂಬರ್ ದೊಡ್ಡದು ಕೊಡಿಸಲು ಅಮ್ಮ ಹೊರಡುತ್ತಾಳೆ, ಒಪ್ಪಬೇಡ. ಮೇಷ್ಟ್ರ ಜೊತೆ ಮಾತನಾಡಿದ ಮೇಲೆ ಅವರು ಏನೆಂದರು ಎಂದು ಬರೆ.

ಇತಿ ನಿನ್ನ
ಸೋದರಮಾವ