ತಾರಸಿ ಮೇಲೆ ಜೊತೆಗಿದ್ದವರಿಗೆ

ಮೊನ್ನೆ ವೈವಾ ಮುಗಿಯಿತು. ಆರು ವರ್ಷ ಹಿಡಿದ ಪಿಎಚ್‌ಡಿ. "ಅಷ್ಟು ವರ್ಷ ಧೂಳು ನೋಡ್ತಾ ಕೂತಿದ್ಯಾ?" ಅಂತ ಚಿಕ್ಕಮ್ಮ ಕೇಳಿದರು. ಹೌದು ಚಿಕ್ಕಮ್ಮ, ಧೂಳೇ. ಆದರೆ ಎಷ್ಟು ಎತ್ತರದಲ್ಲಿ ಎಷ್ಟು ಧೂಳು ಅನ್ನುವುದೇ ಕೆಲಸ.

ಅದಕ್ಕೆ ನಮ್ಮ ತಾರಸಿ ಮೇಲಿದ್ದ ಉಪಕರಣ ಲೈಡಾರ್. ಅದು ಹಸಿರು ಲೇಸರ್ ಬೆಳಕನ್ನು ಆಕಾಶಕ್ಕೆ ಬಿಡುತ್ತದೆ. ಗಾಳಿಯ ಕಣಗಳಿಗೆ ತಾಗಿ ಹಿಂದಿರುಗುವ ಚೂರುಪಾರು ಬೆಳಕನ್ನು ಟೆಲಿಸ್ಕೋಪ್ ಹಿಡಿಯುತ್ತದೆ. ಸೆಕೆಂಡಿನ ಲಕ್ಷದಲ್ಲೊಂದು ಪಾಲಿನಲ್ಲಿ ವಾಪಸ್ ಬಂದರೆ ಕಣ 1.5 ಕಿ.ಮೀ. ಮೇಲಿದೆ ಅಂತ ಲೆಕ್ಕ. ಚಳಿಗಾಲದಲ್ಲಿ ಕಣಗಳು ಜಾಸ್ತಿ ಮೇಲೇರುವುದಿಲ್ಲ. ಏಪ್ರಿಲ್, ಮೇ ಬಿಸಿಲಿಗೆ ಮೂರು ನಾಲ್ಕು ಕಿ.ಮೀ. ಹತ್ತಿಬಿಡುತ್ತವೆ.

ಮೊದಲ ಥ್ಯಾಂಕ್ಸ್, ಎರಡನೇ ವರ್ಷದ ಸೆಮಿನಾರಿನಲ್ಲಿ ಹಿಂದಿನ ಸಾಲಲ್ಲಿ ಕೂತಿದ್ದ ಹಿರಿಯ ಮೇಡಂಗೆ. ನನ್ನ ಗ್ರಾಫಿನಲ್ಲಿ ನೆಲದ ಹತ್ತಿರದ ಕೆಲವು ನೂರು ಮೀಟರ್ ಗಾಳಿ ತೊಳೆದಿಟ್ಟಷ್ಟು ಸ್ವಚ್ಛ! "ರಸ್ತೆ ಹೊಗೆ ಎಲ್ಲಿ ಹೋಯ್ತಮ್ಮಾ?" ಅಂದರು. ಎಲ್ಲರೂ ನಕ್ಕರು. ನಾನು ಬಾತ್‌ರೂಮಿಗೆ ಹೋಗಿ ಅತ್ತು ಬಂದೆ. ಲೇಸರ್ ಮತ್ತು ಟೆಲಿಸ್ಕೋಪ್ ಅಕ್ಕಪಕ್ಕ ಇರುವುದರಿಂದ ತೀರಾ ಹತ್ತಿರದ ಬೆಳಕು ಟೆಲಿಸ್ಕೋಪಿನ ಕಣ್ಣಿಗೆ ಪೂರ್ತಿ ಬೀಳುವುದಿಲ್ಲ. ಆ ಕೊರತೆಯ ತಿದ್ದುಪಡಿಯನ್ನೇ ನಾನು ಹಾಕಿರಲಿಲ್ಲ. ಒಂಬತ್ತು ತಿಂಗಳ ಲೆಕ್ಕ ಮತ್ತೆ ಮೊದಲಿಂದ.

ಕೊರತೆ ಎಷ್ಟು ಅಂತ ತಿಳಿಯಲು ಲೈಡಾರನ್ನು ಅಡ್ಡ ಮಲಗಿಸಬೇಕಿತ್ತು. ಒಂದೇ ಮಟ್ಟದಲ್ಲಿ ಗಾಳಿ ಹೆಚ್ಚುಕಮ್ಮಿ ಒಂದೇ ಥರ ಅಲ್ವಾ? ಹಾಗಾಗಿ ಹತ್ತಿರದಲ್ಲಿ ಬೆಳಕು ಕಮ್ಮಿ ಕಂಡರೆ ಅದು ಉಪಕರಣದ್ದೇ ತಪ್ಪು. ಅನುಮತಿ ತೆಗೆದುಕೊಂಡು, ಎದುರಿಗೆ ಮನೆ ಕಟ್ಟಡ ಇಲ್ಲದ ದಿಕ್ಕು ನೋಡಿ, ರಾತ್ರಿ ಆ ಭಾರದ ಪೆಟ್ಟಿಗೆ ಹೊರಳಿಸಿದೆವು. ಒಂದು ಕಡೆ ಲ್ಯಾಬಿನ ಗೆಳತಿ, ಇನ್ನೊಂದು ಕಡೆ ಸೆಕ್ಯುರಿಟಿ ಅಣ್ಣ.

ಅಣ್ಣನ ಋಣ ಅಷ್ಟಕ್ಕೇ ಮುಗಿಯುವುದಿಲ್ಲ. ಮಳೆ ವಾಸನೆ ಬಂದರೆ ಸಾಕು, ರಾತ್ರಿ ಎರಡಾದರೂ ಫೋನ್: "ಮೇಡಂ, ಮುಚ್ಚಳ ಹಾಕ್ಲಾ?" ಮೊಬೈಲಿನ ಹವಾಮಾನ ಆ್ಯಪ್‌ಗಿಂತ ಅವರ ಮೂಗನ್ನೇ ನಾನು ನಂಬಿದ್ದು.

ಕ್ಯಾಲಿಪ್ಸೊ ಉಪಗ್ರಹಕ್ಕೂ ಒಂದು ನಮಸ್ಕಾರ. 2006ರಲ್ಲಿ ಹಾರಿದ್ದು. ನಾವು ಕೆಳಗಿನಿಂದ ಬಿಡುವ ಹಸಿರು ಬೆಳಕನ್ನು ಅದು ಸುಮಾರು 700 ಕಿ.ಮೀ. ಮೇಲಿನಿಂದ ಬಿಡುತ್ತಿತ್ತು. ನಮ್ಮ ತಾರಸಿಗೆ ಎಟುಕದ ಅರಬ್ಬಿ ಸಮುದ್ರದ ಧೂಳನ್ನು ತೋರಿಸಿಕೊಟ್ಟಿದ್ದು ಅದೇ. 2023ರ ಆಗಸ್ಟ್‌ನಲ್ಲಿ ಅದರ ಕೆಲಸ ನಿಂತಿತು. ಅವತ್ತು ನನಗೆ ಊಟ ಸೇರಲಿಲ್ಲ. ಕಾರಣ ಅಮ್ಮನಿಗೆ ಹೇಳಲು ನಾಚಿಕೆಯಾಗಿ ತಲೆನೋವು ಅಂದಿದ್ದೆ. ಕ್ಷಮಿಸಮ್ಮ.

ಗೈಡ್ ಸರ್‌ಗೆ ಎದುರಿಗೇ ಹೇಳಿದ್ದೇನೆ, ಇಲ್ಲಿ ಬರೆದರೆ ಬೈಯುತ್ತಾರೆ.

ಅಣ್ಣಾ, ನಿಮ್ಮ ನೀಲಿ ಟಾರ್ಪಾಲ್ ಇನ್ನೂ ನನ್ನ ಹತ್ತಿರವೇ ಇದೆ. ಸೋಮವಾರ ತಂದು ಕೊಡುತ್ತೇನೆ.