ಮಲಪ್ರಭೆಯ ಬೆನ್ನು ಹಿಡಿದು ಹೋಗು

ಗುಳೇದಗುಡ್ಡ

ಚಿರಂಜೀವಿ ಅಳಿಯನಿಗೆ ಸೋದರಮಾವ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ತಮ್ಮಾ, ಅವ್ವನನ್ನು ಕರಕೊಂಡು ತೀರ್ಥಯಾತ್ರೆ ಮಾಡಬೇಕೆಂಬ ವಿಚಾರ ನಿನಗೆ ಬಂದದ್ದೇ ನನಗೆ ದೊಡ್ಡ ಸಮಾಧಾನ. ನೀನು ಕಳಿಸಿದ ಪಟ್ಟಿ ನೋಡಿದೆ. ಕಾಶಿ, ಕೇದಾರ, ಸೋಮನಾಥ, ರಾಮೇಶ್ವರ, ತಿರುಪತಿ. ಎಲ್ಲವೂ ದೊಡ್ಡ ಕ್ಷೇತ್ರಗಳು, ಜನ್ಮದಲ್ಲಿ ಒಮ್ಮೆ ಕಾಣಬೇಕಾದವು. ಆದರೆ ನಿಮ್ಮವ್ವ ನನ್ನ ಒಡಹುಟ್ಟಿದವಳು. ಅವಳ ಮೊಣಕಾಲು ನೋವೂ ನನಗೆ ಗೊತ್ತು, ಮನಸ್ಸೂ ಗೊತ್ತು. ನಿಮ್ಮಪ್ಪ ಹೋದ ಮೇಲೆ ಆಕೆ ಒಂದು ಜಾತ್ರೆಗೂ ಬಂದಿಲ್ಲ. ಅಂಥವಳನ್ನು ಮೊದಲೇ ವಿಮಾನ ಹತ್ತಿಸಿ ಕಾಶಿಗೆ ಒಯ್ಯಬೇಡ. ಮನೆದೇವರಿಗೆ ಕಾಯಿ ಒಡೆಸಿ ಆಮೇಲೆ ಪರಸ್ಥಳಕ್ಕೆ ಹೊರಡುವುದು ನಮ್ಮ ಹಿರಿಯರ ರೂಢಿ. ನಿಮ್ಮವ್ವ ಹುಟ್ಟಿದ ಮನೆಯ ದೇವರು ಬನಶಂಕರಿ, ಕೊಟ್ಟ ಮನೆಯ ದೇವರು ಸವದತ್ತಿ ಎಲ್ಲಮ್ಮ. ಇಬ್ಬರೂ ಇರುವುದು ಮಲಪ್ರಭೆಯ ಸೀಮೆಯಲ್ಲೇ. ಹಾಗಾಗಿ ಮೊದಲ ಯಾತ್ರೆ ಆ ಹೊಳೆಯದಾಗಲಿ. ಅದು ಹುಟ್ಟುವ ಜಾಗದಿಂದ ಹಿಡಿದು ಕೃಷ್ಣೆಯನ್ನು ಕೂಡುವ ಜಾಗದವರೆಗೆ, ಸುಮಾರು 300 ಕಿಲೋಮೀಟರ್ ಅದರ ಬೆನ್ನು ಹಿಡಿದು ಹೋಗಿರಿ.

ಬೆಳಗಾವಿಯಿಂದ ಚೋರ್ಲಾ ಘಾಟಿನ ರಸ್ತೆ ಹಿಡಿದು ಜಾಂಬೋಟಿ ದಾಟಿದರೆ ಕಣಕುಂಬಿ ಬರುತ್ತದೆ. ಖಾನಾಪುರ ತಾಲೂಕಿನ ಮಲೆನಾಡು ಅದು. ಮಲಪ್ರಭೆ ಹುಟ್ಟುವುದು ಅಲ್ಲೇ, ಮಾವುಲಿ ದೇವಿಯ ಗುಡಿಯ ಹತ್ತಿರ. ನಮ್ಮ ಕಡೆ ಬೇಸಿಗೆಯಲ್ಲಿ ಉಸುಕು ತೋರಿಸುವ ಹೊಳೆ ಅಲ್ಲಿ ಹಸಿರಿನ ನಡುವೆ ಹೇಗೆ ಕಣ್ಣು ಬಿಡುತ್ತದೆ ಎಂಬುದನ್ನು ನಿಮ್ಮವ್ವ ನೋಡಲಿ. ಅದೇ ಸೀಮೆಯ ಹಬ್ಬನಹಟ್ಟಿಯಲ್ಲಿ ದಂಡೆಯ ಮೇಲೆ ಮಾರುತಿಯ ಗುಡಿಯಿದೆ. ಮಳೆಗಾಲದಲ್ಲಿ ಹೊಳೆ ಏರಿದರೆ ಗುಡಿ ಮುಳುಗುತ್ತದೆ, ಇಳಿದ ಮೇಲೆ ಪೂಜೆ ಮತ್ತೆ ಶುರುವಾಗುತ್ತದೆ. ಖಾನಾಪುರದ ಹತ್ತಿರ ಅಸೋಗಾದಲ್ಲಿ ರಾಮಲಿಂಗೇಶ್ವರನಿದ್ದಾನೆ. ಹೊತ್ತಿದ್ದರೆ ಇಳಿಯಿರಿ, ಇಲ್ಲದಿದ್ದರೆ ಕೈಮುಗಿದು ಮುಂದೆ ಹೋಗಿರಿ.

ಸವದತ್ತಿಯಲ್ಲಿ ಮಾತ್ರ ಅವಸರ ಮಾಡಬೇಡ. ಗುಡ್ಡಕ್ಕೆ ನೇರ ಗಾಡಿ ಹೊಡೆಯದೆ ಮೊದಲು ಜೋಗುಳಬಾವಿಗೆ ಹೋಗು. ಅಲ್ಲಿ ಸ್ನಾನ ಮಾಡಿ, ಸತ್ತೆಮ್ಮನಿಗೆ ನಮಸ್ಕರಿಸಿ, ಆಮೇಲೆ ಎಲ್ಲಮ್ಮನ ಗುಡ್ಡ ಹತ್ತುವುದು ಕ್ರಮ. ಅವ್ವನಿಗೆ ಚಳಿಯಾದರೆ ಕಾಲಿಗೆ ನೀರು ಹಾಕಿಕೊಂಡು ತಲೆಗೆ ಪ್ರೋಕ್ಷಿಸಿಕೊಂಡರೂ ಸಾಕು. ಎಲ್ಲಮ್ಮನೆಂದರೆ ರೇಣುಕೆಯೇ, ನಿನ್ನ ಮಕ್ಕಳಿಗೆ ಆಕೆಯ ಕಥೆಯನ್ನು ಹೊಳೆದಂಡೆಯಲ್ಲೇ ಹೇಳು. ಉಸುಕಿನಲ್ಲಿ ದಿನಾ ಹೊಸ ಕೊಡ ಮಾಡಿ, ಹಾವನ್ನು ಸಿಂಬಿ ಮಾಡಿಕೊಂಡು, ಗಂಡ ಜಮದಗ್ನಿಯ ಪೂಜೆಗೆ ನೀರು ಹೊತ್ತ ಹೆಣ್ಣು ಆಕೆ. ಮನಸ್ಸು ಒಂದು ಗಳಿಗೆ ಅತ್ತಿತ್ತ ಆದದ್ದಕ್ಕೆ ಕೊಡ ನಿಲ್ಲಲಿಲ್ಲ, ಅಷ್ಟಕ್ಕೇ ಅವಳ ತಲೆ ಹೋಯಿತು. ನಮ್ಮ ಹೆಣ್ಣುಮಕ್ಕಳು "ಉಧೋ ಉಧೋ" ಎನ್ನುವಾಗ ಕಣ್ಣೀರು ಯಾಕೆ ಬರುತ್ತದೆ ಎಂಬುದು ಈ ಕಥೆ ತಿಳಿದವರಿಗೆ ಗೊತ್ತಾಗುತ್ತದೆ.

ಈಗ ಹೇಳುವ ಮಾತನ್ನು ಲಕ್ಷ್ಯಗೊಟ್ಟು ಓದು. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಗೆ ಗುಡ್ಡದಲ್ಲಿ ದೇವಿಯ ಬಳೆ ಒಡೆಯುತ್ತಾರೆ, ಜಮದಗ್ನಿ ಸತ್ತ ನೆನಪಿಗೆ. ಮಾಘದ ಭಾರತ ಹುಣ್ಣಿಮೆಗೆ ಆಕೆ ಮತ್ತೆ ಮುತ್ತೈದೆ. ನಡುವಿನ ಎರಡು ತಿಂಗಳು ದೇವಿಯೇ ಬಳೆಯಿಲ್ಲದವಳು. ಪೂಜೆ ನಿಂತಿತೇ? ಜನ ಬರುವುದು ಬಿಟ್ಟರೇ? ಪುಷ್ಯದ ಬನದ ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ಬರುವುದು ಅದೇ ಅವಧಿಯಲ್ಲಿ. ನಿಮ್ಮವ್ವ ಈಗ ಉಡಿ ತುಂಬುವ ಕೆಲಸಕ್ಕೆ ಕೈ ಹಾಕುವುದಿಲ್ಲ, ಹಿಂದೆ ಸರಿದು ನಿಲ್ಲುತ್ತಾಳೆ. ಆಕೆಗೆ ಹೀಗೆ ಹೇಳಿಕೊಟ್ಟವರು ಯಾರೇ ಇರಲಿ, ಅದು ಸರಿಯಲ್ಲ. ಸೀರೆ, ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ, ಎಲ್ಲವನ್ನೂ ಅವಳ ಕೈಯಿಂದಲೇ ದೇವಿಗೆ ಕೊಡಿಸು. ಖಣ ನಮ್ಮ ಗುಳೇದಗುಡ್ಡದ್ದೇ, ನಾನು ತೆಗೆದಿಟ್ಟಿದ್ದೇನೆ. ಯಾರಾದರೂ ಹುಬ್ಬು ಏರಿಸಿದರೆ ನೀನು ಮುಂದೆ ನಿಂತು ಮಾತಾಡು, ಅವ್ವನಿಗೆ ಮಾತಾಡುವ ಪ್ರಸಂಗ ತರಬೇಡ. ಪಡ್ಡಲಗಿ, ಅಂದರೆ ನೈವೇದ್ಯದ ಬುಟ್ಟಿ, ತುಂಬಿಸುವಾಗಲೂ ಹೋಳಿಗೆ, ಕಡುಬು, ರೊಟ್ಟಿ, ಪಲ್ಯ ಅವಳೇ ಬಡಿಸಲಿ.

ದೇವಿಯ ಸೇವೆಗೆ ನಿಂತ ಜೋಗತಿಯರು ಬಂದರೆ ಮಕ್ಕಳು ನಗದಂತೆ ನೋಡಿಕೋ. ಭಂಡಾರ ಹಚ್ಚಿಸಿಕೊಳ್ಳಿರಿ, ಕೈಲಾದದ್ದು ಕೊಡಿರಿ. ಈ ದೇವಿಯ ಹೆಸರಿನಲ್ಲಿ ಎಷ್ಟೋ ಬಡವರ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ, ದೇವದಾಸಿಯರನ್ನಾಗಿಸಿ ಬಾಳು ಹಾಳು ಮಾಡಿದರು. ಕರ್ನಾಟಕದಲ್ಲಿ 1982ರ ಕಾನೂನು ಅದನ್ನು ಅಪರಾಧ ಮಾಡಿತು. ಆ ಹೆಣ್ಣುಮಕ್ಕಳ ದುಃಖಕ್ಕೆ ತಾಯಿ ಕಾರಣಳಲ್ಲ, ಜನ ಕಾರಣ. ಅವಳ ಮುಂದೆ ನಿಂತಾಗ ಅವರನ್ನೂ ನೆನೆಸಿಕೊಳ್ಳುವುದು ಭಕ್ತಿಯ ಭಾಗವೇ ಎಂದು ನಾನು ನಂಬಿದ್ದೇನೆ.

ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಿಟ್ಟು ಹೋದರೆ ಆಕೆಗೆ ನಿಂತು ನಿಂತು ಕಾಲು ಸೋಲುವುದಿಲ್ಲ. ಬರುವಾಗ ನವಿಲುತೀರ್ಥದಲ್ಲಿ ಇಳಿಯಿರಿ. ಹೊಳೆ ಗುಡ್ಡ ಸೀಳಿಕೊಂಡು ಬರುವ ಜಾಗದಲ್ಲಿ ಆಣೆಕಟ್ಟು ಕಟ್ಟಿದ್ದಾರೆ, ಆ ನೀರಿಗೂ ರೇಣುಕಾಸಾಗರವೆಂದೇ ಹೆಸರು. ಹುಬ್ಬಳ್ಳಿ-ಧಾರವಾಡದ ನಲ್ಲಿಯಲ್ಲಿ ಬರುವುದು ಇದೇ ನೀರು.

ಅಲ್ಲಿಂದ ರಾಮದುರ್ಗದ ಮೇಲೆ ಬಾದಾಮಿ ಸೀಮೆಗೆ ಬನ್ನಿರಿ. ಬನಶಂಕರಿ ಬಾದಾಮಿಯಿಂದ ಐದು ಕಿಲೋಮೀಟರ್, ಚೊಳಚಗುಡ್ಡದ ಹತ್ತಿರ. ನೂರು ವರ್ಷ ಮಳೆ ಹೋದಾಗ ತನ್ನ ಮೈಯಿಂದಲೇ ಕಾಯಿಪಲ್ಯ ಬೆಳೆದು ಲೋಕ ಸಾಕಿದ ಶಾಕಂಬರಿ ಇವಳು. ನಮ್ಮಂಥ ಬರಗಾಲದ ನಾಡಿಗೆ ಇದಕ್ಕಿಂತ ಸಮೀಪದ ದೇವಿ ಇಲ್ಲ. ಜಾತ್ರೆಯ ಮುಂದೆ ಪಲ್ಯದ ಹಬ್ಬಕ್ಕೆ 108 ಬಗೆಯ ಪಲ್ಯ ಮಾಡಿ ನೈವೇದ್ಯ ಹಿಡಿಯುತ್ತಾರೆ, ಬನದ ಹುಣ್ಣಿಮೆಗೆ ತೇರು. ತೇರಿನ ದಿನ ನೂಕುನುಗ್ಗಲು, ಅವ್ವನಿಗೆ ಆಗದು. ಆದರೆ ಈ ಜಾತ್ರೆ ತೇರಿಗೇ ಮುಗಿಯುವುದಿಲ್ಲ, ವಾರಗಟ್ಟಲೆ ನಡೆಯುತ್ತದೆ. ನಾಟಕ ಕಂಪನಿಗಳು ಡೇರೆ ಹಾಕಿರುತ್ತವೆ. ಹುಣ್ಣಿಮೆಯಾಗಿ ಒಂದು ವಾರಕ್ಕೆ ಬಂದರೆ ದರ್ಶನವೂ ಆಯಿತು, ರಾತ್ರಿ ಅವ್ವನಿಗೆ ಒಂದು ನಾಟಕವೂ ಆಯಿತು. ಸಣ್ಣವಳಿದ್ದಾಗ ಆಕೆ ನಾಟಕಕ್ಕೆ ಜೀವ ಬಿಡುತ್ತಿದ್ದಳು, ನಿನಗೆ ಗೊತ್ತಿರಲಿಕ್ಕಿಲ್ಲ.

ಗುಡಿಯ ಎದುರು ಹರಿದ್ರಾ ತೀರ್ಥ. ಮೂರು ಕಡೆ ಕಲ್ಲಿನ ಮಂಟಪ, ನಡುವೆ ಹೊಂಡ. ಅಲ್ಲೇ ನೆರಳಿಗೆ ಕೂತು ಊಟ ಮಾಡಿರಿ. ಬುಟ್ಟಿ ಹೊತ್ತುಕೊಂಡು ಬರುವ ಹೆಣ್ಣುಮಕ್ಕಳ ಹತ್ತಿರ ಕಟಕ ರೊಟ್ಟಿ, ಝುಣಕ, ಕೆಂಪ ಖಾರ, ಗಡಿಗೆ ಮೊಸರು ಸಿಗುತ್ತದೆ. ಹೋಟೆಲು ಹುಡುಕಬೇಡ. ಅವರ ಕೈಯಲ್ಲಿ ಉಂಡರೆ ಶಾಕಂಬರಿಯ ಪ್ರಸಾದ ಉಂಡ ಹಾಗೆಯೇ.

ಮಹಾಕೂಟಕ್ಕೆ ಬೆಳಿಗ್ಗೆ ಹೋಗಿರಿ. ಗುಡ್ಡದ ಸಂದಿಯಲ್ಲಿ ಚಾಲುಕ್ಯರ ಕಾಲದ ಗುಡಿಗಳು, ನಡುವೆ ಊಟೆಯ ನೀರು ತುಂಬಿದ ಪುಷ್ಕರಣಿ. ಅದರಲ್ಲಿ ಸಾಬೂನು ಹಚ್ಚಬೇಡಿರಿ, ಹಚ್ಚುವವರನ್ನು ಕಂಡರೆ ವಿನಯದಿಂದ ಬೇಡವೆನ್ನು.

ಪಟ್ಟದಕಲ್ಲನ್ನು ಜನ ಫೋಟೋ ತೆಗೆಯುವ ಜಾಗ ಎಂದುಕೊಂಡಿದ್ದಾರೆ. 1987ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ನಿಜ, ಆದರೆ ವಿರೂಪಾಕ್ಷನಿಗೆ ಇವತ್ತಿಗೂ ಪೂಜೆ ನಡೆಯುತ್ತದೆ. ಹೂವು, ಕಾಯಿ ತೆಗೆದುಕೊಂಡೇ ಒಳಗೆ ಹೋಗಿರಿ. ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದದ್ದರ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಇದು, ಎಂಟನೆಯ ಶತಮಾನದ್ದು. ಆ ಅರಸ ಕಂಚಿಗೆ ನುಗ್ಗಿದ ಮೇಲೂ ಅಲ್ಲಿಯ ಕೈಲಾಸನಾಥನ ಗುಡಿಯ ಸಂಪತ್ತನ್ನು ಮುಟ್ಟದೆ ದೇವರಿಗೇ ಬಿಟ್ಟುಕೊಟ್ಟ. ಅದನ್ನು ಆ ಗುಡಿಯಲ್ಲೇ ಕನ್ನಡದಲ್ಲಿ ಕೆತ್ತಿಸಿದ್ದಾರೆ. ನಿನ್ನ ಮಗನಿಗೆ ಚಾಲುಕ್ಯರ ಬಗ್ಗೆ ಒಂದೇ ಮಾತು ಹೇಳುವುದಾದರೆ ಇದನ್ನು ಹೇಳು. ವಿರೂಪಾಕ್ಷನ ಗುಡಿಯ ಎದುರಿಗೇ ಮಲಪ್ರಭೆ. ಇಲ್ಲಿ ಉತ್ತರಕ್ಕೆ ಹರಿಯುತ್ತಾಳೆ, ಅದಕ್ಕೇ ಈ ನೀರಿಗೆ ಪುಣ್ಯ ಹೆಚ್ಚೆಂದು ಹಿರಿಯರ ನಂಬಿಕೆ. 2019ರ ಮಹಾಪೂರದಲ್ಲಿ ಇದೇ ಹೊಳೆ ಗುಡಿಗಳ ಅಂಗಳಕ್ಕೆ ನುಗ್ಗಿತ್ತು.

ಐಹೊಳೆಯನ್ನು ಅವ್ವ ದಣಿದಿದ್ದರೆ ಬಿಡು. ಮೇಗುತಿ ಗುಡ್ಡದ ಮೇಲೆ ಇಮ್ಮಡಿ ಪುಲಕೇಶಿಯ ಕವಿ ರವಿಕೀರ್ತಿಯ ಕ್ರಿ.ಶ. 634ರ ಶಾಸನವಿದೆ, ನೀನು ಮಕ್ಕಳನ್ನು ಕರಕೊಂಡು ಹತ್ತಿ ಬಾ, ಆಕೆ ಕೆಳಗೆ ಕೂತಿರಲಿ.

ಹೊಳೆ ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಮೊದಲು ಸಂಗಮೇಶ್ವರನ ದರ್ಶನ, ಆಮೇಲೆ ಬಸವಣ್ಣನವರ ಐಕ್ಯಮಂಟಪ. ನಾರಾಯಣಪುರ ಆಣೆಕಟ್ಟಿನ ಹಿನ್ನೀರು ನುಗ್ಗದಂತೆ ಅದರ ಸುತ್ತ ಎತ್ತರಕ್ಕೆ ಗೋಡೆ ಕಟ್ಟಿದ್ದಾರೆ, ಒಳಗೆ ಮೆಟ್ಟಿಲಿಳಿದು ಹೋಗಬೇಕು. ಮೊಣಕಾಲು ಒಪ್ಪದಿದ್ದರೆ ಆಕೆ ಮೇಲಿನಿಂದಲೇ ಕೈಮುಗಿಯಲಿ, ಒತ್ತಾಯ ಬೇಡ. ನೀರು ಕಂಡಲ್ಲೆಲ್ಲ ಮುಳುಗುವವರನ್ನು, ಮರ ಕಂಡಲ್ಲೆಲ್ಲ ಸುತ್ತುವವರನ್ನು ನಿಷ್ಠುರವಾಗಿ ಕೇಳಿದವರು ಬಸವಣ್ಣನವರು. ನೀರಿನ ಜಾಡು ಹಿಡಿದು ಬಂದ ನಾವು ಅವರ ಮುಂದೆ ನಿಲ್ಲುವಾಗ ಆ ಪ್ರಶ್ನೆಯನ್ನು ನಮಗೇ ಕೇಳಿದ್ದೆಂದು ತಿಳಿಯಬೇಕು. ಸ್ನಾನ ಮಾಡಿದ ಮೇಲೆ ಉಟ್ಟ ಬಟ್ಟೆಯನ್ನು ಹೊಳೆಗೆ ಬಿಡುವ ಚಾಳಿ ಬೆಳೆದಿದೆ. ನಿನ್ನ ಮನೆಯವರು ಯಾರೂ ಅದನ್ನು ಮಾಡಕೂಡದು. ಪ್ಲಾಸ್ಟಿಕ್ ಚೀಲದ ಹೂವನ್ನೂ ಬಿಡಬಾರದು. ಎಲ್ಲಮ್ಮ ತಲೆಯ ಮೇಲೆ ಹೊತ್ತ ನೀರು ಅದು.

ನಿಮ್ಮ ಪುಣೆಗೆ ಮರಳುವಾಗ ಆಲಮಟ್ಟಿ ಹತ್ತಿರ ಯಲಗೂರ ಹಣಮಪ್ಪನಿಗೆ ಕೈಮುಗಿದು, ಬಸವನ ಬಾಗೇವಾಡಿ, ವಿಜಯಪುರದ ಸಿದ್ಧೇಶ್ವರ ಮುಗಿಸಿ ಸೊಲ್ಲಾಪುರದ ದಾರಿ ಹಿಡಿ. ಇಷ್ಟಾದ ಮೇಲೆ ಕಾಶಿಯ ಮಾತು ಅವ್ವನನ್ನೇ ಕೇಳು. ಆಕೆ ಹೂಂ ಅಂದರೆ ನಾನೂ ಬರುತ್ತೇನೆ.

ಗುಳಿಗೆ ಚೀಟಿ, ಹೊದಿಯಲು ರಗ್ಗು, ಕಾಲಿಗೆ ಮೆತ್ತಗಿನ ಚಪ್ಪಲಿ ಮರೆಯಬೇಡ. ಬನದ ಹುಣ್ಣಿಮೆ ಯಾವತ್ತು ಬೀಳುತ್ತದೆ ಎಂದು ಪಂಚಾಂಗ ನೋಡಿ ಫೋನ್ ಮಾಡುತ್ತೇನೆ, ರಜೆ ಅದಕ್ಕೆ ಹೊಂದಿಸಿಕೋ. ಬಾದಾಮಿಯಿಂದ ಮುಂದೆ ನಿಮ್ಮ ಸಂಗಡ ನಾನಿರುತ್ತೇನೆ, ರಾತ್ರಿ ವಸ್ತಿ ನಮ್ಮ ಮನೆಯಲ್ಲೇ. ನಿಮ್ಮ ಅತ್ತಿ ಈಗಲೇ ಶೇಂಗಾ ಹೋಳಿಗೆಯ ತಯಾರಿ ಮಾತಾಡುತ್ತಿದ್ದಾಳೆ.

ಮಕ್ಕಳಿಗೆ ಆಶೀರ್ವಾದ.

ಇಂತಿ ನಿನ್ನ ಸೋದರಮಾವ